ಸೊಂಟನೋವಿಗೆ ಸೂಜಿ: 30 ಸಿಟ್ಟಿಂಗ್‌ಗೆ ಒಪ್ಪುವ ಮುನ್ನ

ಪ್ರಶ್ನೆ: ನನಗೆ 58 ವರ್ಷ. ನಾಲ್ಕು ವರ್ಷಗಳಿಂದ ಸೊಂಟನೋವು, ಎರಡು ವರ್ಷಗಳಿಂದ ಬಲಗಾಲಿನ ಮಂಡಿನೋವು. ಎಂಆರ್‌ಐ ವರದಿಯಲ್ಲಿ ಎಲ್4–ಎಲ್5 ಡಿಸ್ಕ್ (ಸೊಂಟದ ಕೆಳಭಾಗದ ಎರಡು ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ, ಸವೆತ ಇದೆ ಎಂದು ಬರೆದಿದ್ದಾರೆ. ಹೃದಯದ ಬಡಿತ ಏರುಪೇರಾಗುವ ತೊಂದರೆಗೆ ವಾರ್ಫರಿನ್ ತೆಗೆದುಕೊಳ್ಳುತ್ತೇನೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಪರೀಕ್ಷೆಯಲ್ಲಿ ಹೋದ ತಿಂಗಳ ಐಎನ್‌ಆರ್ 2.4 ಇತ್ತು. ರಾತ್ರಿ ನರದ ನೋವಿಗೆ ಪ್ರಿಗಾಬಾಲಿನ್ 75 ಮಿ.ಗ್ರಾಂ. ನೋವು ತಡೆಯಲಾಗದಿದ್ದಾಗ ಡೈಕ್ಲೋಫೆನಾಕ್, ವಾರಕ್ಕೆ ಮೂರ್ನಾಲ್ಕು ಮಾತ್ರೆ ಆಗಿಬಿಡುತ್ತದೆ. ತಂಗಿಯ ಒತ್ತಾಯಕ್ಕೆ ಅಕ್ಯುಪಂಕ್ಚರ್‌ಗೆ ಎರಡು ಸಲ ಹೋದೆ. ಮೊದಲ ದಿನ ಮನೆಗೆ ಬಂದು ಚೆನ್ನಾಗಿ ನಿದ್ದೆ ಮಾಡಿದೆ. ಎರಡನೇ ಸಲ ಮಾತ್ರ ಮರುದಿನ ನೋವು ಜಾಸ್ತಿಯಾಯಿತು, ತೊಡೆಯ ಮೇಲೆ ನೀಲಿಗಟ್ಟಿದೆ. 30 ಸಿಟ್ಟಿಂಗ್ ಬೇಕು, ಹಣ ಒಟ್ಟಿಗೆ ಕಟ್ಟಿ, ಎಲ್ಲ ಮಾತ್ರೆ ನಿಲ್ಲಿಸಿ, ಇಲ್ಲದಿದ್ದರೆ ಸೂಜಿ ಕೆಲಸ ಮಾಡುವುದಿಲ್ಲ ಅನ್ನುತ್ತಾರೆ. ಉಬ್ಬಿದ ಡಿಸ್ಕ್ ಸೂಜಿಯಿಂದ ಒಳಗೆ ಹೋಗುತ್ತದೆ ಅಂತ ತಂಗಿ, ಇದೆಲ್ಲ ಬರೀ ಭ್ರಮೆ ಅಂತ ಮಗ. ನರಕ್ಕೆ ಪೆಟ್ಟಾದರೆ ಏನು ಗತಿ ಎಂಬ ಹೆದರಿಕೆ ನನಗೆ. ಮುಂದುವರಿಸಲೇ, ಬಿಡಲೇ?

ಉತ್ತರ: ನೀವು ಸೂಜಿಗೆ ಹೆದರಿದ್ದೀರಿ. ನನಗೆ ಹೆದರಿಕೆ ಹುಟ್ಟಿಸಿದ್ದು ಡೈಕ್ಲೋಫೆನಾಕ್. ಮೊದಲು ಅದನ್ನು ಹೇಳಿಬಿಡುತ್ತೇನೆ.

ವಾರ್ಫರಿನ್ ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡುತ್ತದೆ. ಡೈಕ್ಲೋಫೆನಾಕ್ ಹೊಟ್ಟೆಯ ಒಳಪದರದ ರಕ್ಷಣೆಯನ್ನು ತೆಳುವಾಗಿಸುತ್ತದೆ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳ ಕೆಲಸಕ್ಕೂ ಅಡ್ಡ ಬರುತ್ತದೆ. ಎರಡೂ ಸೇರಿದರೆ ಹೊಟ್ಟೆ, ಕರುಳಿನಲ್ಲಿ ರಕ್ತಸ್ರಾವದ ಅಪಾಯ ಗಣನೀಯವಾಗಿ ಏರುತ್ತದೆ. ಐಎನ್‌ಆರ್ 2.4 ಎಂದು ಸರಿಯಾಗಿದ್ದರೂ ಈ ಅಪಾಯ ಇದ್ದೇ ಇರುತ್ತದೆ, ಏಕೆಂದರೆ ಆ ಪರೀಕ್ಷೆ ಹೊಟ್ಟೆಯ ಹುಣ್ಣನ್ನಾಗಲಿ ಪ್ಲೇಟ್‌ಲೆಟ್‌ನ ಕೆಲಸವನ್ನಾಗಲಿ ತೋರಿಸುವುದಿಲ್ಲ. ಹೃದಯದ ತೊಂದರೆ ಇರುವವರಿಗೆ ಡೈಕ್ಲೋಫೆನಾಕ್ ಬೇರೆ ಕಾರಣಕ್ಕೂ ಒಳ್ಳೆಯದಲ್ಲ. ಮುಂದಿನ ಮಾತ್ರೆ ನುಂಗುವ ಮೊದಲೇ ವಾರ್ಫರಿನ್ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ, ವಾರಕ್ಕೆ ಎಷ್ಟು ಮಾತ್ರೆ ಆಗುತ್ತಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಬಂದರೆ, ವಾಂತಿಯಲ್ಲಿ ಕಾಫಿಪುಡಿಯಂಥ ಚರಟ ಕಂಡರೆ, ಕಾರಣವಿಲ್ಲದೆ ತಲೆಸುತ್ತಿ ಸುಸ್ತಾದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ. ಬದಲಿಗೆ ಪ್ಯಾರಸಿಟಮಾಲ್ ಬಳಸುವುದಾದರೂ ಒಂದು ಎಚ್ಚರ ಬೇಕು: ದಿನಕ್ಕೆ 2 ಗ್ರಾಂ ಮತ್ತು ಅದಕ್ಕಿಂತ ಹೆಚ್ಚನ್ನು ಹಲವು ದಿನ ಸತತವಾಗಿ ತೆಗೆದುಕೊಂಡರೆ ಐಎನ್‌ಆರ್ ಏರಬಹುದು, ಆಗ ಪರೀಕ್ಷೆಯನ್ನು ಬೇಗ ಮಾಡಿಸಬೇಕಾಗುತ್ತದೆ.

ಇನ್ನು ‘ಎಲ್ಲ ಮಾತ್ರೆ ನಿಲ್ಲಿಸಿ’ ಎಂಬ ಮಾತು. ಇದನ್ನು ಖಂಡಿತ ಕೇಳಬೇಡಿ. ನಿಮ್ಮ ಹೃದಯದಲ್ಲಿ ಹೆಪ್ಪು ಕಟ್ಟಿ ಅದು ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗದಿರಲಿ ಎಂದು ವಾರ್ಫರಿನ್ ಕೊಟ್ಟಿದ್ದಾರೆ. ಸೊಂಟನೋವಿಗೂ ಅದಕ್ಕೂ ಸಂಬಂಧವಿಲ್ಲ. ಪ್ರಿಗಾಬಾಲಿನ್ ಅನ್ನು ಥಟ್ಟನೆ ಬಿಟ್ಟರೆ ನಿದ್ದೆಗೇಡು, ವಾಕರಿಕೆ, ತಲೆನೋವು, ತಳಮಳ ಬರುತ್ತವೆ. ಬಿಡಲೇಬೇಕಾದರೆ ಕನಿಷ್ಠ ಒಂದು ವಾರದಲ್ಲಿ ಹಂತಹಂತವಾಗಿ, ಬರೆದುಕೊಟ್ಟವರನ್ನು ಕೇಳಿಯೇ ಇಳಿಸಬೇಕು. ಮಾತ್ರೆ ತೆಗೆದುಕೊಳ್ಳುವವರಲ್ಲಿ ಸೂಜಿ ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಆಧಾರವೂ ಇಲ್ಲ. ಅಕ್ಯುಪಂಕ್ಚರ್ ಪರೀಕ್ಷೆಗಳಲ್ಲಿ ಪಾಲ್ಗೊಂಡ ಎಷ್ಟೋ ಮಂದಿ ತಮ್ಮ ಮಾತ್ರೆಗಳನ್ನು ಮುಂದುವರಿಸಿಕೊಂಡೇ ಇದ್ದರು. ಪೂರಕ ಚಿಕಿತ್ಸೆ ಎಂದರೆ ಇರುವ ಚಿಕಿತ್ಸೆಯ ಜೊತೆಗೆ ನಡೆಯುವುದು ಎಂದರ್ಥ.

ಈಗ ನಿಮ್ಮ ಮಗನ ಮಾತಿಗೆ ಬರೋಣ. 2007ರಲ್ಲಿ ಜರ್ಮನಿಯಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ ಪ್ರಕಟವಾಯಿತು. ವರ್ಷಗಟ್ಟಲೆ ಸೊಂಟನೋವು ಇದ್ದ 1,162 ಜನರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಶಾಸ್ತ್ರದಲ್ಲಿ ಹೇಳಿದ ಜಾಗಗಳಲ್ಲೇ ಆಳವಾಗಿ ಸೂಜಿ. ಇನ್ನೊಂದಕ್ಕೆ ಬೇರೆ ಜಾಗಗಳಲ್ಲಿ, ಚರ್ಮದೊಳಗೆ 1ರಿಂದ 3 ಮಿಲಿಮೀಟರ್ ಮಾತ್ರ, ತಿರುಗಿಸದೆ ಚುಚ್ಚಿದ ಹುಸಿಸೂಜಿ. ಮೂರನೆಯದಕ್ಕೆ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ. ಆರು ತಿಂಗಳ ನಂತರ ಗುಣ ಕಂಡವರು ಮೊದಲ ಗುಂಪಿನಲ್ಲಿ 47.6%, ಹುಸಿಸೂಜಿ ಗುಂಪಿನಲ್ಲಿ 44.2%, ಮಾಮೂಲು ಚಿಕಿತ್ಸೆಯ ಗುಂಪಿನಲ್ಲಿ 27.4%.

ಈ ಮೂರು ಅಂಕಿಗಳನ್ನು ನಿಧಾನವಾಗಿ ನೋಡಿ. ಸೂಜಿ ಹಾಕಿಸಿಕೊಂಡವರಿಗೆ ಹಾಕಿಸಿಕೊಳ್ಳದವರಿಗಿಂತ ಅನುಕೂಲವಾಗಿದೆ. ಆದರೆ ಎಲ್ಲಿ ಚುಚ್ಚಿದರು, ಎಷ್ಟು ಆಳಕ್ಕೆ ಚುಚ್ಚಿದರು ಎಂಬುದರಿಂದ ಆದ ವ್ಯತ್ಯಾಸ ಬಹಳ ಸಣ್ಣದು. 2018ರಲ್ಲಿ 39 ಪರೀಕ್ಷೆಗಳ 20,827 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗಲೂ ಚಿತ್ರ ಹೆಚ್ಚುಕಡಿಮೆ ಹೀಗೆಯೇ ಬಂತು: ಹುಸಿಸೂಜಿಗಿಂತ ನಿಜವಾದ ಸೂಜಿ ಸ್ವಲ್ಪ ಮೇಲು, ಸೂಜಿಯೇ ಇಲ್ಲದ್ದಕ್ಕಿಂತ ಚೆನ್ನಾಗಿಯೇ ಮೇಲು. ಹಾಗಾಗಿ ಶಕ್ತಿ ಹರಿಯುವ ನಾಡಿಮಾರ್ಗದ ಇಂಥದೇ ಬಿಂದುವಿಗೆ ಚುಚ್ಚಿದರಷ್ಟೇ ಫಲ ಎಂಬ ವಾದ ಗಟ್ಟಿಯಾಗಿ ನಿಲ್ಲುವುದಿಲ್ಲ. ‘ಬರೀ ಭ್ರಮೆ’ ಎಂಬುದೂ ನಿಲ್ಲುವುದಿಲ್ಲ. ಜರ್ಮನಿಯ ಪರೀಕ್ಷೆಯ ಮೂರನೇ ಗುಂಪಿನವರು ವರ್ಷಗಳಿಂದ ಅದೇ ಚಿಕಿತ್ಸೆ ಮಾಡಿ ಬೇಸತ್ತವರಿರಬಹುದು, ತಮಗೆ ಸೂಜಿ ಸಿಗಲಿಲ್ಲವೆಂಬ ನಿರಾಸೆಯೂ ಅವರ ಉತ್ತರದಲ್ಲಿ ಸೇರಿರಬಹುದು. ಅದನ್ನೂ ಲೆಕ್ಕಕ್ಕೆ ಹಿಡಿದೇ ಈ ಮಾತು ಹೇಳುತ್ತಿದ್ದೇನೆ.

ಇದೇ ಮಾಹಿತಿಯನ್ನು ಮುಂದಿಟ್ಟುಕೊಂಡು ತಜ್ಞರ ಮಂಡಳಿಗಳು ಬೇರೆಬೇರೆ ತೀರ್ಮಾನಕ್ಕೆ ಬಂದಿವೆ. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಅಕ್ಯುಪಂಕ್ಚರ್ ಬೇಡ ಎಂದಿತು. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಅದೇ ನೋವಿಗೆ, ಮಾತ್ರೆಗಿಂತ ಮೊದಲು ನೋಡಬಹುದಾದ ಉಪಾಯಗಳಲ್ಲಿ ಇದನ್ನೂ ಸೇರಿಸಿತು. ಹುಸಿಸೂಜಿಗಿಂತ ಎಷ್ಟು ಮೇಲು ಎಂದು ಕೇಳಿದರೆ ಒಂದು ಉತ್ತರ, ರೋಗಿಗೆ ಒಟ್ಟಾರೆ ಎಷ್ಟು ಗುಣ ಎಂದು ಕೇಳಿದರೆ ಇನ್ನೊಂದು ಉತ್ತರ. ನೋವು ಹೊತ್ತು ಬದುಕುವವರಿಗೆ ಎರಡನೆಯ ಪ್ರಶ್ನೆ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ. ಬೇರೆ ಸುರಕ್ಷಿತ ದಾರಿಗಳು ಕಡಿಮೆ ಇರುವಾಗಲಂತೂ ಹೌದು.

ಹಾಗಾದರೆ ಸೂಜಿ ಮಾಡುವುದೇನು? ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಎನ್ನುತ್ತೇವೆ. ಅಷ್ಟು ಹೊತ್ತಿಗೆ ನೋವಿನ ಸುದ್ದಿ ಹೊರುವ ನರಗಳು, ಬೆನ್ನುಹುರಿ, ಮೆದುಳು ಮೂರೂ ಚುರುಕಾಗಿಬಿಟ್ಟಿರುತ್ತವೆ. ರೇಡಿಯೋದ ದನಿ ಯಾರೋ ಏರಿಸಿಟ್ಟ ಹಾಗೆ. ಹಾಡು ಅದೇ, ಸದ್ದು ಮಾತ್ರ ಕಿವಿಗಡಚಿಕ್ಕುವಷ್ಟು. ಸೂಜಿ ಚರ್ಮವನ್ನೂ ಸ್ನಾಯುವನ್ನೂ ಕೆಣಕಿದಾಗ ಹೊರಡುವ ಸಂದೇಶ ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಅಡ್ಡ ನಿಲ್ಲುತ್ತದೆ, ಮೆದುಳಿನಿಂದ ಕೆಳಗಿಳಿಯುವ ನೋವು ತಡೆಯುವ ವ್ಯವಸ್ಥೆಯನ್ನು ಎಬ್ಬಿಸುತ್ತದೆ. ದೇಹವೇ ತಯಾರಿಸುವ ನೋವುನಿವಾರಕವಾದ ಎಂಡಾರ್ಫಿನ್ ಇದರಲ್ಲಿ ಭಾಗಿ. ಅದರ ಜೊತೆಗೆ ಅರ್ಧ ಗಂಟೆ ಅಲುಗಾಡದೆ ಮಲಗುವುದು, ಒಬ್ಬರು ನಿಮ್ಮ ನೋವನ್ನು ಗಮನವಿಟ್ಟು ಕೇಳುವುದು, ಗುಣವಾಗುತ್ತದೆ ಎಂಬ ನಿರೀಕ್ಷೆ, ಇವೂ ದನಿ ಇಳಿಸುತ್ತವೆ. ಮೊದಲ ದಿನ ನಿಮಗೆ ಬಂದ ನಿದ್ದೆ ಇದರ ಫಲವೇ ಇರಬೇಕು. ಹಲವರಿಗೆ ಹಾಗಾಗುತ್ತದೆ. ಚಿಕಿತ್ಸೆಯಾದ ಕೂಡಲೇ ಗಾಡಿ ಓಡಿಸಬೇಡಿ ಎನ್ನುವುದು ಈ ಮಂಪರಿನ ಕಾರಣಕ್ಕೆ.

ಆದರೆ ದನಿ ಇಳಿಸುವುದು ಬೇರೆ, ಡಿಸ್ಕನ್ನು ಒಳಕ್ಕೆ ತಳ್ಳುವುದು ಬೇರೆ. ಸೂಜಿ ಡಿಸ್ಕಿನ ಹತ್ತಿರಕ್ಕೂ ಹೋಗುವುದಿಲ್ಲ, ಹೋಗಲೂಬಾರದು. ಅಷ್ಟಕ್ಕೂ ನಿಮ್ಮ ಎಂಆರ್‌ಐಯಲ್ಲಿ ಕಂಡದ್ದೇ ನೋವಿಗೆ ಕಾರಣ ಎಂದು ಹೇಳಲಾಗದು. ಸೊಂಟನೋವೇ ಇಲ್ಲದ 50 ವರ್ಷದವರನ್ನು ಸ್ಕ್ಯಾನ್ ಮಾಡಿದರೆ ಸುಮಾರು 60% ಜನರಲ್ಲಿ ಡಿಸ್ಕ್ ಉಬ್ಬಿರುವುದು, 80% ಜನರಲ್ಲಿ ಸವೆತ ಕಾಣುತ್ತದೆ. ತಲೆಕೂದಲು ನೆರೆಯುವ ಹಾಗೆ ಬೆನ್ನಿಗೂ ವಯಸ್ಸಾಗುತ್ತದೆ. ನಿಜವಾಗಿ ಜಾರಿದ ಡಿಸ್ಕಿನ ತುಣುಕು ಕೂಡ ಎಷ್ಟೋ ಸಲ ತಿಂಗಳುಗಳಲ್ಲಿ ತಾನಾಗಿಯೇ ಕರಗುತ್ತದೆ. ಆ ಹೊತ್ತಿಗೆ ನಡೆಯುತ್ತಿದ್ದ ಚಿಕಿತ್ಸೆಗೆ ಅದರ ಹೆಸರು ಬರುತ್ತದೆ. ನಿಮ್ಮ ತಂಗಿ ಕೇಳಿರುವುದು ಇಂಥದೇ ಯಾವುದೋ ಸಂಗತಿಯಿರಬಹುದು.

ಮಂಡಿಯ ವಿಷಯದಲ್ಲಿ ನಿರೀಕ್ಷೆ ಇನ್ನೂ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಸವೆದ ಮೃದ್ವಸ್ಥಿ ಸೂಜಿಯಿಂದ ಬೆಳೆಯುವುದಿಲ್ಲ. ಮಂಡಿ ಸವೆತಕ್ಕೆ ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವುದು ಮತ್ತು ತೂಕ ಹೆಚ್ಚಿದ್ದರೆ ಇಳಿಸುವುದು ಮೊದಲ ಚಿಕಿತ್ಸೆ.

ಮರುದಿನ ನೋವು ಏಕೆ ಹೆಚ್ಚಿತು ಎಂಬುದಕ್ಕೆ, ಸೂಜಿ ಒಳಗೆ ಹೋಗುವ ಬಗೆಯನ್ನು ತಿಳಿದರೆ ಉತ್ತರ ಸಿಗುತ್ತದೆ. ಅಕ್ಯುಪಂಕ್ಚರ್ ಸೂಜಿ ಸಾಮಾನ್ಯವಾಗಿ 0.16ರಿಂದ 0.30 ಮಿಲಿಮೀಟರ್ ದಪ್ಪ. ಇಂಜೆಕ್ಷನ್ ಸೂಜಿಯ ಹಾಗೆ ಟೊಳ್ಳಲ್ಲ, ತುದಿ ಓರೆಯಾಗಿ ಕತ್ತರಿಸಿರುವುದಿಲ್ಲ. ಅದಕ್ಕಿಂತ ಮೂರ್ನಾಲ್ಕು ಮಿಲಿಮೀಟರ್ ಗಿಡ್ಡವಾದ ಪ್ಲಾಸ್ಟಿಕ್ ಕೊಳವೆಯೊಳಗೆ ಸೂಜಿ ಕೂತಿರುತ್ತದೆ. ಕೊಳವೆಯನ್ನು ಚರ್ಮಕ್ಕೆ ಒತ್ತಿಹಿಡಿದು, ಮೇಲೆ ಚಾಚಿರುವ ಹಿಡಿಯನ್ನು ತೋರುಬೆರಳಿನಿಂದ ಟಕ್ ಎಂದು ತಟ್ಟುತ್ತಾರೆ. ಚರ್ಮ ದಾಟುವುದು ಆ ಒಂದು ಕ್ಷಣದಲ್ಲಿ. ಕೊಳವೆ ತೆಗೆದು, ಬೇಕಾದ ಆಳಕ್ಕೆ ಇಳಿಸಿ, ಬೆರಳುಗಳ ನಡುವೆ ಹಿಂದೆ ಮುಂದೆ ತಿರುಗಿಸುತ್ತಾರೆ. ಆಗ ಒಳಗಿನ ಸಂಯೋಜಕ ಅಂಗಾಂಶದ ಎಳೆಗಳು ಕದಿರಿಗೆ ನೂಲು ಸುತ್ತಿಕೊಂಡ ಹಾಗೆ ಸೂಜಿಗೆ ಸುತ್ತಿಕೊಳ್ಳುತ್ತವೆ. ಚಿಕಿತ್ಸಕರ ಬೆರಳಿಗೆ ಸೂಜಿಯನ್ನು ಒಳಗಿನಿಂದ ಏನೋ ಹಿಡಿದಂತೆ, ನಿಮಗೆ ಭಾರವಾದಂತೆ, ಮಂದವಾಗಿ ಸೆಳೆದಂತೆ, ಜೋಮು ಹಿಡಿದಂತೆ ಅನ್ನಿಸುವುದು ಆಗಲೇ. ನರಮಂಡಲವೇ ಚುರುಕಾಗಿರುವವರಲ್ಲಿ ಹೆಚ್ಚು ಸೂಜಿ ಹಾಕಿ, ಹೆಚ್ಚು ತಿರುಗಿಸಿ, ಹೆಚ್ಚು ಹೊತ್ತು ಬಿಟ್ಟರೆ ಮರುದಿನ ನೋವು ಕೆರಳುತ್ತದೆ. ಒಂದೆರಡು ದಿನದಲ್ಲಿ ಅದು ಇಳಿದರೆ ಗಾಬರಿ ಬೇಡ. ಆದರೆ ‘ರೋಗ ಹೊರಗೆ ಬರುತ್ತಿದೆ, ಒಳ್ಳೆಯ ಲಕ್ಷಣ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪ್ರಮಾಣ ಹೆಚ್ಚಾಯಿತು ಎಂದಷ್ಟೇ ಅದರ ಅರ್ಥ. ಮುಂದಿನ ಸಲ ಆರೆಂಟು ಸೂಜಿ ಸಾಕು, 15–20 ನಿಮಿಷ ಸಾಕು, ಕಡಿಮೆ ತಿರುಗಿಸಿ ಎಂದು ಕೇಳಿ.

ನರಕ್ಕೆ ಪೆಟ್ಟಾಗುವುದು ಅಪರೂಪ. ನರಕ್ಕೆ ಸೂಜಿ ತಾಗಿದರೆ ಕರೆಂಟ್ ಹೊಡೆದ ಹಾಗೆ ಚುಳ್ ಎಂದು ಕಾಲುದ್ದಕ್ಕೂ ಹರಿಯುತ್ತದೆ. ಸಹಿಸಿಕೊಂಡು ಮಲಗಬೇಡಿ, ಆ ಕ್ಷಣವೇ ಬಾಯಿಬಿಟ್ಟು ಹೇಳಿ. ಅವರು ಸೂಜಿಯನ್ನು ಹಿಂದಕ್ಕೆ ಎಳೆಯಬೇಕು. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಒಂದಾದರೂ ಅಡ್ಡಪರಿಣಾಮ ಹೇಳಿಕೊಂಡವರು 8.6%, ಅದರಲ್ಲಿ ಹೆಚ್ಚಿನದು ರಕ್ತ ಜಿನುಗುವುದು ಮತ್ತು ನೀಲಿಗಟ್ಟುವುದು, 6.1%. ಚಿಕಿತ್ಸೆ ಬೇಕಾಗುವಂಥ ತೊಂದರೆ 2.2% ಜನರಲ್ಲಿ. ಆ ಅಧ್ಯಯನದಲ್ಲಿ ಸೂಜಿ ಹಾಕಿದವರು ತರಬೇತಿ ಪಡೆದ ವೈದ್ಯರು ಎಂಬುದು ನೆನಪಿರಲಿ. ಅರೆಬರೆ ಕಲಿತವರ ಕೈಯಲ್ಲಿ ಈ ಅಂಕಿ ಹೀಗೇ ಉಳಿಯುತ್ತದೆ ಎನ್ನಲಾಗದು.

ಆ 2.29 ಲಕ್ಷ ಜನರಲ್ಲಿ ಇಬ್ಬರಿಗೆ ಶ್ವಾಸಕೋಶದ ಪೊರೆಗೆ ಸೂಜಿ ತಾಗಿ ಗಾಳಿ ಸೋರಿತ್ತು. ಭುಜದ ಮೇಲ್ಭಾಗ, ಬೆನ್ನಿನ ಮೇಲ್ಭಾಗ, ಪಕ್ಕೆಲುಬುಗಳ ನಡುವೆ ಚರ್ಮದಿಂದ ಶ್ವಾಸಕೋಶಕ್ಕೆ ಕೆಲವರಲ್ಲಿ ಎರಡು ಸೆಂಟಿಮೀಟರ್ ದೂರವೂ ಇರುವುದಿಲ್ಲ. ಸಣಕಲು ದೇಹದವರಲ್ಲಿ ಇನ್ನೂ ಕಡಿಮೆ. ನಿಮ್ಮ ತೊಂದರೆ ಸೊಂಟ, ಮಂಡಿಯದು. ಹಾಗಿರುವಾಗ ಎದೆ ಮತ್ತು ಮೇಲ್ಬೆನ್ನಿನಲ್ಲಿ ಆಳದ ಸೂಜಿ ಬೇಡ ಎಂದು ಹೇಳುವ ಹಕ್ಕು ನಿಮಗಿದೆ. ಸೂಜಿಯಾದ ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ, ಉಸಿರೆಳೆದಾಗ ಎದೆಯ ಒಂದು ಬದಿಯಲ್ಲಿ ಚುಚ್ಚಿದಂತಾದರೆ, ಏದುಸಿರು ಬಂದರೆ, ಒಣಕೆಮ್ಮು ಶುರುವಾದರೆ ನೇರ ಆಸ್ಪತ್ರೆಗೆ ಹೋಗಿ. ‘ನಿನ್ನೆ ಸೂಜಿ ಹಾಕಿಸಿಕೊಂಡಿದ್ದೆ’ ಎಂಬುದನ್ನು ಅಲ್ಲಿ ಮೊದಲ ವಾಕ್ಯದಲ್ಲೇ ಹೇಳಿ, ಇಲ್ಲದಿದ್ದರೆ ಆ ದಿಕ್ಕಿನಲ್ಲಿ ಯಾರೂ ಯೋಚಿಸದೆ ಹೋಗಬಹುದು.

ವಾರ್ಫರಿನ್ ಇದೆಯೆಂದ ಮಾತ್ರಕ್ಕೆ ಅಕ್ಯುಪಂಕ್ಚರ್ ಬೇಡವೇ ಬೇಡ ಎಂದೇನಿಲ್ಲ. ನಿಮ್ಮ ತೊಂದರೆಗೆ ಐಎನ್‌ಆರ್ ಗುರಿ ಸಾಮಾನ್ಯವಾಗಿ 2ರಿಂದ 3. ತೀರಾ ಇತ್ತೀಚಿನ ಪರೀಕ್ಷೆಯಲ್ಲಿ ಆ ಮಿತಿಯೊಳಗಿದ್ದು, ಏರಿಳಿತ ಇಲ್ಲದಿದ್ದರೆ, ತೆಳು ಸೂಜಿಯನ್ನು ಮೇಲುಮೇಲಕ್ಕೆ ಹಾಕುವುದು ಸಾಮಾನ್ಯವಾಗಿ ಸುರಕ್ಷಿತ. 3 ದಾಟಿದ್ದರೆ ಆ ವಾರ ಸೂಜಿ ಮುಂದೂಡಿ. ಮೀನಖಂಡ ಮತ್ತು ಮುಂಗೈಯಲ್ಲಿ ಆಳದ ಸೂಜಿ ಬೇಡ: ಅಲ್ಲಿ ಸ್ನಾಯುಗಳು ಬಿಗಿಯಾದ ಪೊರೆಯೊಳಗೆ ಇರುವುದರಿಂದ ಒಳಗೆ ರಕ್ತ ಸೇರಿದರೆ ಒತ್ತಡ ಏರಿ ಸ್ನಾಯುವಿಗೇ ಹಾನಿ. ತೊಡೆಸಂದಿಯ ದೊಡ್ಡ ರಕ್ತನಾಳಗಳ ಬಳಿಯೂ ಬೇಡ. ಪ್ರತಿ ಸೂಜಿ ತೆಗೆದ ಮೇಲೆ ಒಣ ಹತ್ತಿಯಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಬೇಕು, ಉಜ್ಜಬಾರದು. ಚರ್ಮ ಗೀರಿ ರಕ್ತ ತೆಗೆಯುವ ಕಪ್ಪಿಂಗ್‌ಗೆ ಒಪ್ಪಲೇಬೇಡಿ. ಜೊತೆಗೆ ಕೊಡುವ ಗಿಡಮೂಲಿಕೆ ಪುಡಿ, ಗುಳಿಗೆಗಳನ್ನೂ ವೈದ್ಯರಿಗೆ ತೋರಿಸದೆ ಬಾಯಿಗೆ ಹಾಕಬೇಡಿ. ಗಿಂಕ್ಗೊದಂಥ ಕೆಲವು ವಾರ್ಫರಿನ್ ಜೊತೆ ಸೇರಿ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ತೊಡೆಯ ಮೇಲಿನ ನೀಲಿ ಎರಡು ವಾರದೊಳಗೆ ಹಸಿರು, ಹಳದಿಗೆ ತಿರುಗಿ ಮಾಯಬೇಕು. ದಿನೇದಿನೇ ದೊಡ್ಡದಾದರೆ, ಊತ ಗಟ್ಟಿಯಾಗಿ ಬಿಗಿದರೆ, ಕೆಳಗೆ ಮರಗಟ್ಟಿದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಚಿಕಿತ್ಸಕರನ್ನು ಅಳೆಯಲು ದೊಡ್ಡ ವಿದ್ಯೆ ಬೇಕಿಲ್ಲ. ನೀವು ವಾರ್ಫರಿನ್ ತೆಗೆದುಕೊಳ್ಳುವುದು ಅವರಿಗೆ ಗೊತ್ತಿತ್ತೇ? ಕೇಳಿದ್ದರೇ? ಕೇಳದೆ ಚುಚ್ಚಿದ್ದರೆ ನನ್ನ ಸಲಹೆ, ಬೇರೆಯವರನ್ನು ಹುಡುಕಿ. ಕೈ ತೊಳೆದುಕೊಂಡು, ಸೀಲ್ ಆದ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು. ಒಮ್ಮೆ ಬಳಸಿದ ಸೂಜಿ ಚೂಪುವಸ್ತುಗಳ ಗಟ್ಟಿ ಡಬ್ಬಿಗೆ ಹೋಗಬೇಕು. ‘ನಿಮ್ಮ ಸೂಜಿ ನಿಮಗೇ ತೊಳೆದಿಟ್ಟಿರುತ್ತೇವೆ’ ಎಂಬ ಮಾತು ಬಂದರೆ ಎದ್ದು ಬನ್ನಿ, ಮರುಬಳಕೆಯ ಸೂಜಿಯಿಂದ ಹೆಪಟೈಟಿಸ್ ಬಿ ಹರಡಿದ ಉದಾಹರಣೆಗಳಿವೆ. ಹಾಕಿದ ಸೂಜಿ, ತೆಗೆದ ಸೂಜಿ ಎಣಿಸುತ್ತಾರೆಯೇ ನೋಡಿ. ಬೆನ್ನಿನಲ್ಲೊಂದು ಸೂಜಿ ಮರೆತು ರೋಗಿ ಎದ್ದು ಕೂರುವುದು ನಡೆಯುತ್ತದೆ, ಆಗ ಸೂಜಿ ಬಾಗುತ್ತದೆ. ಮೊದಲ ಕೆಲವು ಸಲ ಮಲಗಿಯೇ ಹಾಕಿಸಿಕೊಳ್ಳಿ, ಕೂತಿದ್ದಾಗ ತಲೆಸುತ್ತಿ ಬೀಳುವವರು ಹೆಚ್ಚು. ತೀರಾ ಹಸಿದ ಹೊಟ್ಟೆಯಲ್ಲೂ ಹೋಗಬೇಡಿ.

30 ಸಿಟ್ಟಿಂಗ್‌ಗೆ ಮುಂಗಡ ಕಟ್ಟಬೇಡಿ. ಅಮೆರಿಕದ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 2020ರಿಂದ ದೀರ್ಘಕಾಲದ ಸೊಂಟನೋವಿಗೆ 90 ದಿನದಲ್ಲಿ 12 ಸಿಟ್ಟಿಂಗ್‌ವರೆಗೆ ವೆಚ್ಚ ಭರಿಸುತ್ತದೆ. ಗುಣ ಕಂಡವರಿಗೆ ಮಾತ್ರ ಇನ್ನೂ 8, ವರ್ಷಕ್ಕೆ 20 ಮೀರುವಂತಿಲ್ಲ, ಗುಣ ಕಾಣದಿದ್ದರೆ ನಿಲ್ಲಿಸಬೇಕು. ಬ್ರಿಟನ್ನಿನ ನೈಸ್ 2021ರಲ್ಲಿ, ಬೇರೆ ಕಾಯಿಲೆಯಿಂದ ವಿವರಿಸಲಾಗದ ದೀರ್ಘಕಾಲದ ನೋವಿಗೆ ಒಂದು ಸುತ್ತು ಸೂಜಿಯನ್ನು ಪರಿಗಣಿಸಬಹುದು ಎಂದಾಗ ಚಿಕಿತ್ಸಕರ ಸಮಯ ಒಟ್ಟು ಐದು ಗಂಟೆ ಮೀರದಿರಲಿ ಎಂದಿತು. ಕೆಲಸ ಮಾಡುವುದಾದರೆ ಅಷ್ಟರೊಳಗೆ ಸುಳಿವು ಸಿಗಲೇಬೇಕು.

ನೀವು ಆರು ಸಿಟ್ಟಿಂಗ್ ಒಪ್ಪಿಕೊಳ್ಳಿ, ವಾರಕ್ಕೆ ಒಂದು ಅಥವಾ ಎರಡು. ಶುರುವಿಗೆ ಮೊದಲಿನ ಒಂದು ವಾರ ಒಂದು ನೋಟ್‌ಬುಕ್ಕಿನಲ್ಲಿ ದಿನಾ ರಾತ್ರಿ ನಾಲ್ಕು ಸಂಗತಿ ಬರೆಯಿರಿ: ಸೊಂಟನೋವಿಗೆ 0ರಿಂದ 10ರೊಳಗೆ ಒಂದು ಅಂಕ, ಮಂಡಿನೋವಿಗೆ ಬೇರೆ ಅಂಕ, ಎಷ್ಟು ನಿಮಿಷ ನಿಲ್ಲಲು ಅಥವಾ ನಡೆಯಲು ಆಯಿತು, ರಾತ್ರಿ ನೋವಿಗೆ ಎಷ್ಟು ಸಲ ಎಚ್ಚರವಾಯಿತು. ನಂತರವೂ ಅದನ್ನೇ ಮುಂದುವರಿಸಿ. ಒಂದೊಂದು ದಿನದ ಅಂಕವನ್ನು ನಂಬಬೇಡಿ, ವಾರದ ಸರಾಸರಿ ನೋಡಿ. ದೀರ್ಘಕಾಲದ ನೋವು ತಾನಾಗಿಯೇ ಏರಿಳಿಯುತ್ತದೆ. ತೀರಾ ಏರಿದಾಗ ನಾವು ಚಿಕಿತ್ಸೆಗೆ ಓಡುತ್ತೇವೆ, ಇಳಿದಾಗ ಚಿಕಿತ್ಸೆಯಿಂದ ಇಳಿಯಿತು ಎಂದುಕೊಳ್ಳುತ್ತೇವೆ. ಎರಡು ಅಂಕ ಅಥವಾ ಸುಮಾರು 30% ಇಳಿದು, ನಿಲ್ಲುವ ನಿಮಿಷಗಳೂ ಹೆಚ್ಚಿದ್ದರೆ ಇನ್ನು ನಾಲ್ಕಾರು ಸಿಟ್ಟಿಂಗ್ ಮುಂದುವರಿಸಬಹುದು, ಆಮೇಲೆ ಎರಡು ವಾರಕ್ಕೊಂದು, ತಿಂಗಳಿಗೊಂದು ಎಂದು ಅಂತರ ಹೆಚ್ಚಿಸಿ. ಆರರಲ್ಲಿ ಏನೂ ಕದಲದಿದ್ದರೆ ಏಳನೆಯದಕ್ಕೆ ಹೋಗಬೇಡಿ.

ನೋವು ಇಳಿದ ಆ ಎರಡು ಮೂರು ದಿನಗಳನ್ನು ಮಲಗಿ ಕಳೆಯಬಾರದು. ಈ ಚಿಕಿತ್ಸೆಯಲ್ಲಿ ಜನ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ನಾಲ್ಕು ವರ್ಷ ನೋವಿಗೆ ಹೆದರಿ ಬಾಗದೆ, ನಡೆಯದೆ ಇದ್ದ ದೇಹಕ್ಕೆ ಚಲನೆ ಅಪಾಯವಲ್ಲ ಎಂದು ಮತ್ತೆ ಕಲಿಸಲು ಸಿಗುವ ಕಿಟಕಿ ಅದು. ನೋವಿಲ್ಲದೆ ಈಗ ಹತ್ತು ನಿಮಿಷ ನಡೆಯಬಲ್ಲಿರಾದರೆ ಎಂಟು ನಿಮಿಷದಿಂದ ಶುರುಮಾಡಿ, ದಿನಕ್ಕೆ ಎರಡು ಸಲ. ವಾರಕ್ಕೊಮ್ಮೆ ಒಂದೆರಡು ನಿಮಿಷ ಏರಿಸಿ. ಗಟ್ಟಿ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಐದರಿಂದ ಎಂಟು ಸಲ, ದಿನಕ್ಕೆ ಎರಡು ಸುತ್ತು: ಸೊಂಟಕ್ಕೂ ಮಂಡಿಗೂ ಒಟ್ಟಿಗೆ ಆಗುತ್ತದೆ. ಕಷ್ಟವಾದರೆ ಕುರ್ಚಿಯ ಮೇಲೊಂದು ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ. ಮಾಡುವಾಗ ನೋವು ಒಂದೆರಡು ಅಂಕ ಏರಿ ಮರುದಿನದೊಳಗೆ ಹಿಂದಿನ ಮಟ್ಟಕ್ಕೆ ಬಂದರೆ ಸರಿ. ಬರದಿದ್ದರೆ ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. ‘ಇವತ್ತು ಆರಾಮಾಗಿದೆ’ ಎಂದು ಬಾಕಿ ಬಿದ್ದ ಮನೆಗೆಲಸವನ್ನೆಲ್ಲ ಒಂದೇ ದಿನ ಮುಗಿಸುವುದೂ ಬೇಡ.

ಸೂಜಿಯ ಮಾತೇ ಎತ್ತಬಾರದ ಸ್ಥಿತಿಗಳೂ ಇವೆ. ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ಗುದದ್ವಾರದ ಸುತ್ತ, ತೊಡೆಗಳ ಒಳಭಾಗದಲ್ಲಿ ಸ್ಪರ್ಶ ತಿಳಿಯದಿದ್ದರೆ, ಪಾದ ಎತ್ತಲಾಗದೆ ಎಳೆದಂತಾದರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಸೊಂಟನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿನೋವು, ಹಿಂದೆ ಕ್ಯಾನ್ಸರ್ ಆಗಿದ್ದದ್ದು ಇದ್ದರೆ ಮೊದಲು ತಪಾಸಣೆ ಆಗಬೇಕು. ವಾರ್ಫರಿನ್ ತೆಗೆದುಕೊಳ್ಳುವ ನಿಮಗೆ ಇನ್ನೊಂದು: ಬಿದ್ದ ಮೇಲೆ ಅಥವಾ ಇದ್ದಕ್ಕಿದ್ದಂತೆ ಸೊಂಟದಲ್ಲಿ ಹೊಸ ಬಗೆಯ ತೀವ್ರ ನೋವು ಬಂದರೆ ಅದನ್ನು ಹಳೆಯ ನೋವಿನ ಲೆಕ್ಕಕ್ಕೆ ಸೇರಿಸಬೇಡಿ, ಒಳಗೆ ರಕ್ತಸ್ರಾವವಾಗಿರಬಹುದು.

ಸದ್ಯಕ್ಕೆ ಹೀಗೆ ಮಾಡಿ: ವೈದ್ಯರಿಗೆ ಫೋನ್, ಐಎನ್‌ಆರ್ ಮತ್ತೊಮ್ಮೆ, ನೋಟ್‌ಬುಕ್ಕಿನಲ್ಲಿ ಒಂದು ವಾರದ ಅಂಕಗಳು. ತೊಡೆಯ ನೀಲಿ ಪೂರ್ತಿ ಮಾಯುವವರೆಗೆ ಮೂರನೇ ಸಿಟ್ಟಿಂಗ್ ಬೇಡ.